ಗೆದ್ದ ಕುದುರೆ, ಸೋತ ಖಾತೆ

ಲಾಟರಿ ಚೀಟಿಯನ್ನು ಕೈಯಿಂದಲೂ ಮುಟ್ಟದವರು, ದೀಪಾವಳಿಯ ರಾತ್ರಿ ನೆರೆಮನೆಯಲ್ಲಿ ಇಸ್ಪೀಟು ಹರಡಿದರೆ ಎದ್ದು ಬರುವವರು, ದಶಲಕ್ಷಣ ಪರ್ವದ ಹತ್ತು ದಿನವೂ ಏಕಾಶನ ಹಿಡಿಯುವವರು ಕೂಡ ಕುದುರೆ ರೇಸಿನ ಮಾತು ಬಂದಾಗ ಬೇರೊಂದು ನಾಲಿಗೆಯಿಂದ ಮಾತನಾಡುತ್ತಾರೆ. ಮುಂಬೈಯ ಮಹಾಲಕ್ಷ್ಮಿಯಾಗಲಿ, ಮಳೆಗಾಲದ ಪುಣೆಯಾಗಲಿ, ಹೈದರಾಬಾದಿನ ಮಲಕ್‌ಪೇಟೆಯಾಗಲಿ, ವಾದ ಒಂದೇ: ಇದು ಜೂಜಲ್ಲ, ಕೌಶಲ, ಸುಪ್ರೀಂ ಕೋರ್ಟೇ ಹಾಗೆಂದು ತೀರ್ಪು ಕೊಟ್ಟಿದೆ. ಅದರ ಬೆನ್ನಿಗೇ ಎರಡನೆಯ ವಾದ: ಹೆಚ್ಚಿನವರು ಗೆಲ್ಲುವುದೆಂದು ನಂಬಿದ ಫೇವರಿಟ್ ಕುದುರೆಯ ಮೇಲೆ ಮಾತ್ರ ಹಣ ಕಟ್ಟುವವನು ಹೂಡಿಕೆದಾರನೇ ಹೊರತು ಜೂಜುಕೋರನಲ್ಲ. ಮೊದಲನೆಯದು ಅರ್ಧಸತ್ಯ. ಎರಡನೆಯದು ಅಷ್ಟೂ ಅಲ್ಲ. ವ್ಯಾಪಾರವನ್ನೇ ಕುಲವೃತ್ತಿಯಾಗಿಸಿಕೊಂಡು, ಜಮಾ–ಖರ್ಚಿನ ಭಾಷೆಯನ್ನು ಬಾಲ್ಯದಲ್ಲೇ ಕಲಿತ ಸಮಾಜವೊಂದು ಈ ಎರಡು ವಾದಗಳನ್ನು ಇದುವರೆಗೆ ಲೆಕ್ಕಕ್ಕೆ ಹಚ್ಚಿ ನೋಡದಿರುವುದು ಸೋಜಿಗ.

ಮೊದಲು ತೀರ್ಪಿನ ವಿಚಾರ. 1974ರಲ್ಲಿ ತಮಿಳುನಾಡಿನ ಕರುಣಾನಿಧಿ ಸರ್ಕಾರ ಕುದುರೆ ರೇಸಿನ ಬಾಜಿಯನ್ನು ನಿಷೇಧಿಸುವ ಕಾಯಿದೆ ತಂದಿತು. 1986ರಲ್ಲಿ ಎಂ.ಜಿ.ಆರ್. ಸರ್ಕಾರ ಮದ್ರಾಸ್ ರೇಸ್ ಕ್ಲಬ್ಬನ್ನೇ ವಶಪಡಿಸಿಕೊಳ್ಳುವ ಮತ್ತೊಂದು ಕಾಯಿದೆ ಮಾಡಿತು. 1996ರ ಜನವರಿಯಲ್ಲಿ ಡಾ. ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕ್ಲಬ್ಬಿನ ಪರವಾಗಿ ನಿಂತಿತು. ಕುದುರೆ ರೇಸು ಕೌಶಲದ ಆಟವೆಂದೂ, ಅದರ ಮೇಲೆ ಬಾಜಿ ಕಟ್ಟುವುದು ಕಾನೂನಿನ ಅರ್ಥದಲ್ಲಿ ಜೂಜಾಗದೆಂದೂ ಹೇಳಿತು. ಕಾರಣಗಳೇನು? ಕುದುರೆಯ ವೇಗ, ತ್ರಾಣ, ತಳಿ, ತರಬೇತಿ, ಜಾಕಿಯ ಸವಾರಿಯ ನೈಪುಣ್ಯ. ಬಾಜಿ ಕಟ್ಟುವವನು ಈ ಅಂಶಗಳನ್ನು ತೂಗಿ ನೋಡಬಲ್ಲನೆಂಬುದನ್ನೂ ನ್ಯಾಯಾಲಯ ಒಪ್ಪಿತು. ಆದರೆ ಅದರ ಮುಂದಿದ್ದ ಪ್ರಶ್ನೆ ಪೊಲೀಸ್ ಕಾಯಿದೆಗೆ ಮತ್ತು ಜೂಜು ನಿಷೇಧ ಕಾಯಿದೆಗೆ ಸಂಬಂಧಿಸಿದ್ದು: ಇದು ಅಪರಾಧವೇ, ಅಲ್ಲವೇ? ಇದರಿಂದ ಗೃಹಸ್ಥನ ಬಂಡವಾಳ ಬೆಳೆಯುವುದೇ ಎಂದು ಯಾರೂ ಅಲ್ಲಿ ಕೇಳಿರಲಿಲ್ಲ, ನ್ಯಾಯಾಲಯ ಉತ್ತರಿಸಲೂ ಇಲ್ಲ. ಮದ್ಯದಂಗಡಿಗೂ ಸರ್ಕಾರದ ಪರವಾನಗಿ ಇದೆ. ಗೋಡೆಗೆ ತೂಗುಹಾಕಿದ ಪರವಾನಗಿಯನ್ನು ತೋರಿಸಿ ಮದ್ಯವು ಪಥ್ಯವೆಂದು ಯಾರೂ ವಾದಿಸುವುದಿಲ್ಲ.

ಕೌಶಲ ಇರುವುದು ನಿಜ, ಆದರೆ ಯಾರದು? ಓಡುವುದು ಕುದುರೆ, ಓಡಿಸುವುದು ಜಾಕಿ, ಪಳಗಿಸುವುದು ತರಬೇತುದಾರ. ಕಟಕಟೆಯಾಚೆ ಚೀಟಿ ಹಿಡಿದು ನಿಂತವನದು ಬೇರೆಯವರ ಕೌಶಲವನ್ನು ಊಹಿಸುವ ಕೆಲಸ. ಆ ಊಹೆಗೂ ಒಂದು ವಿದ್ಯೆಯಿದೆ. ಹಿಂದಿನ ಓಟಗಳ ಸಮಯ, ದೂರ, ನೆಲದ ಹದ, ಹೊತ್ತ ಭಾರ ಇವನ್ನೆಲ್ಲ ತಾಳೆ ನೋಡುವ ಆ ವಿದ್ಯೆಯನ್ನು ಇಂಗ್ಲಿಷ್ ಬಲ್ಲ ಪಂಟರು ಹ್ಯಾಂಡಿಕ್ಯಾಪಿಂಗ್ ಎನ್ನುತ್ತಾರೆ. ಆ ಪದದ ಮೂಲವನ್ನು ಮಾತ್ರ ಮರೆಯುತ್ತಾರೆ. ರೇಸ್ ಕ್ಲಬ್ಬಿನಲ್ಲಿ ಹ್ಯಾಂಡಿಕ್ಯಾಪರ್ ಎಂಬ ಸಂಬಳದ ಅಧಿಕಾರಿಯೊಬ್ಬನಿದ್ದಾನೆ. ಪ್ರತಿ ಕುದುರೆಗೂ ರೇಟಿಂಗ್ ನೀಡುವುದು, ಹೆಚ್ಚು ಬಲವುಳ್ಳ ಕುದುರೆಯ ಬೆನ್ನಿಗೆ ಹೆಚ್ಚು ಭಾರ ಹೇರುವುದು, ಗೆದ್ದ ಕುದುರೆಯ ರೇಟಿಂಗನ್ನು ಮುಂದಿನ ಓಟಕ್ಕೆ ಏರಿಸುವುದು ಅವನ ಕೆಲಸ. ಅವನ ಆದರ್ಶ ಓಟದಲ್ಲಿ ಎಲ್ಲ ಕುದುರೆಗಳೂ ಗೆರೆಯನ್ನು ಒಟ್ಟಿಗೆ ದಾಟಬೇಕು. ಅರ್ಥಾತ್ ಫಲಿತಾಂಶವನ್ನು ಮೊದಲೇ ಹೇಳಲಾಗದಂತೆ ಮಾಡುವುದೇ ಅವನ ವೃತ್ತಿ. ಒಬ್ಬ ತಜ್ಞ ಹಗಲೆಲ್ಲ ಕುಳಿತು ಅಳಿಸಿಹಾಕಿದ ಅಂತರವನ್ನು, ಅಂಗಡಿಯ ಗಲ್ಲಾಪೆಟ್ಟಿಗೆ ಮುಚ್ಚಿದ ಮೇಲೆ ಅರ್ಧ ಗಂಟೆ ರೇಸ್ ಪುಸ್ತಕ ತಿರುವಿ ಹಾಕಿದವನು ಮತ್ತೆ ಹುಡುಕಿ ತೆಗೆಯುತ್ತಾನಂತೆ.

ಇನ್ನು ಫೇವರಿಟ್. ಹೆಸರನ್ನು ಕೇಳಿದರೆ ಅದೊಂದು ಕುದುರೆಯ ಗುಣವೆಂಬ ಭ್ರಮೆ ಹುಟ್ಟುತ್ತದೆ. ಹಾಗೇನಿಲ್ಲ. ಯಾವ ಕುದುರೆಯ ಮೇಲೆ ಅತಿ ಹೆಚ್ಚು ಹಣ ಬಿದ್ದಿದೆಯೋ ಅದರ ಹೆಸರು ಫೇವರಿಟ್. ಟೋಟ್ ಪದ್ಧತಿಯಲ್ಲಿ ಎಲ್ಲರ ಹಣವೂ ಒಂದೇ ರಾಶಿಗೆ ಸೇರುತ್ತದೆ. ಅದರಿಂದ ತೆರಿಗೆ ಮತ್ತು ಕ್ಲಬ್ಬಿನ ಕಮಿಷನ್ ಕಳೆದು ಉಳಿದದ್ದನ್ನು ಗೆದ್ದ ಚೀಟಿಗಳಿಗೆ ಹಂಚುತ್ತಾರೆ. ಕುದುರೆಯ ಬಗ್ಗೆ ಜನರಿಗೆ ಗೊತ್ತಿರುವುದೆಲ್ಲ ಆ ರಾಶಿಯ ಎತ್ತರದಲ್ಲೇ ಅಡಗಿದೆ. ಹೆಚ್ಚು ಜನ ನಂಬಿದಷ್ಟೂ ಡಿವಿಡೆಂಡ್ ಕುಗ್ಗುತ್ತದೆ. ಆದ್ದರಿಂದ ಫೇವರಿಟ್ ಮೇಲೆ ಕಟ್ಟುವವನು ತನ್ನ ಬುದ್ಧಿಯನ್ನು ಬಳಸಿದ್ದಾನೆಂದು ಹೇಳಲಾಗದು. ಜನಜಂಗುಳಿಯ ಅಭಿಪ್ರಾಯಕ್ಕೆ ಅವನು ರುಜು ಹಾಕಿದ್ದಾನೆ, ಅದೂ ಜಂಗುಳಿಯೇ ನಿಗದಿ ಮಾಡಿದ ಬೆಲೆಗೆ. ಕೌಶಲವೆಂಬ ಪದಕ್ಕೂ ಈ ಕ್ರಿಯೆಗೂ ಇರುವ ಸಂಬಂಧವನ್ನು ಯಾವ ನ್ಯಾಯಾಲಯವೂ ಹುಡುಕಿ ಕೊಡಲಾರದು.

ಫೇವರಿಟ್ ಪಕ್ಷದವರ ಬತ್ತಳಿಕೆಯಲ್ಲಿ ಒಂದು ಗಟ್ಟಿಯಾದ ಬಾಣವಿದೆಯೆಂಬುದನ್ನು ಒಪ್ಪಬೇಕು. 1949ರಲ್ಲಿ ಗ್ರಿಫಿತ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಅಲ್ಲಿನ ರೇಸುಗಳ ಲೆಕ್ಕವನ್ನು ಪರಿಶೀಲಿಸಿ ಒಂದು ವಿಚಿತ್ರವನ್ನು ತೋರಿಸಿದ. ಗೆಲ್ಲುವ ಸಂಭವ ತೀರ ಕಡಮೆಯಿರುವ ಕುದುರೆಗಳ ಮೇಲೆ ಜನ ಅತಿಯಾಗಿ ಹಣ ಸುರಿಯುತ್ತಾರೆ; ಫೇವರಿಟ್ ಕುದುರೆಗಳ ಮೇಲೆ ಬೀಳುವ ಹಣ ಅವುಗಳ ಯೋಗ್ಯತೆಗಿಂತ ತುಸು ಕಡಮೆ. ನಂತರ ಅಮೆರಿಕದಲ್ಲಿಯೂ ಬ್ರಿಟನ್ನಿನಲ್ಲಿಯೂ ನಡೆದ ಹಲವು ಅಧ್ಯಯನಗಳಲ್ಲಿ ಇದೇ ಒಲವು ಕಂಡಿದೆ. ಇದರ ಸಾರವಿಷ್ಟೇ: ಫೇವರಿಟ್ ಮೇಲೆ ಕಟ್ಟುವವನು ಉಳಿದವರಿಗಿಂತ ನಿಧಾನವಾಗಿ ಸೋಲುತ್ತಾನೆ. ನಿಧಾನವಾಗಿ ಸೋಲುವುದನ್ನು ಲಾಭವೆಂದು ಜಮಾ ಬರೆಯುವ ಗುಮಾಸ್ತನನ್ನು ಯಾವ ಪೇಢಿಯೂ ಇಟ್ಟುಕೊಳ್ಳುವುದಿಲ್ಲ.

ಕೌಶಲದಿಂದಲೇ ಗೆದ್ದವರು ಇಲ್ಲವೇ? ಇದ್ದಾರೆ. ಬಿಲ್ ಬೆಂಟರ್ ಎಂಬ ಅಮೆರಿಕನ್ನನ ಹೆಸರನ್ನು ರೇಸ್‌ಪ್ರಿಯರು ಆಗಾಗ ಜಪಿಸುವುದುಂಟು. 1980ರ ದಶಕದಿಂದ ಹಾಂಗ್‌ಕಾಂಗಿನಲ್ಲಿ ಕಂಪ್ಯೂಟರ್ ಮಾದರಿಯನ್ನು ಕಟ್ಟಿ ಅವನು ಅಪಾರ ಹಣ ಗಳಿಸಿದ. 1994ರಲ್ಲಿ ತನ್ನ ವಿಧಾನವನ್ನು ಪ್ರಬಂಧವಾಗಿ ಪ್ರಕಟಿಸಿದ. ಆ ಪ್ರಬಂಧದ ತಿರುಳನ್ನು ಜಪಿಸುವವರು ಓದಿಕೊಳ್ಳುವುದೊಳ್ಳೆಯದು. ತನ್ನ ಗಣಿತಕ್ಕೆ ಸಿಕ್ಕದ ಮಾಹಿತಿ ಜನರು ಕಟ್ಟಿದ ಬೆಲೆಯಲ್ಲಿ ಇದೆಯೆಂದು ಅರಿತು, ಆ ಬೆಲೆಯನ್ನೇ ಅವನು ತನ್ನ ಮಾದರಿಯೊಳಗೆ ಸೇರಿಸಿಕೊಂಡ. ಅವನು ಬೆನ್ನುಹತ್ತಿದ್ದು ಫೇವರಿಟ್ ಕುದುರೆಯನ್ನಲ್ಲ, ಜನ ತಪ್ಪು ಬೆಲೆ ಕಟ್ಟಿದ ಕುದುರೆಯನ್ನು. ಅದಕ್ಕೆ ಬೇಕಾದದ್ದು ವರ್ಷಗಟ್ಟಲೆಯ ಅಂಕಿ ಅಂಶ, ಸಂಬಳದ ಸಿಬ್ಬಂದಿ, ಭಾರಿ ಬಂಡವಾಳ. ಮೇಲಾಗಿ ಹಾಂಗ್‌ಕಾಂಗಿನ ಪಂಟರು ಗೆದ್ದ ಹಣಕ್ಕೆ ಆದಾಯ ತೆರಿಗೆ ಕೊಡಬೇಕಿಲ್ಲ. ಭಾರತದಲ್ಲಿ ಕಥೆ ಬೇರೆ, ಮತ್ತು ಆ ಕಥೆಯನ್ನು ಯಾವ ಟಿಪ್ಸ್ ಮಾರುವವನೂ ಹೇಳುವುದಿಲ್ಲ.

1961ರ ಆದಾಯ ತೆರಿಗೆ ಕಾಯಿದೆಯ 115ಬಿಬಿ ಕಲಮಿನ ಪ್ರಕಾರ ಲಾಟರಿ, ಪದಬಂಧ, ಇಸ್ಪೀಟು, ಕುದುರೆ ರೇಸು ಇವೆಲ್ಲದರ ಗೆಲುವಿಗೆ ಒಂದೇ ದರ: ಶೇ. 30, ಅದರ ಮೇಲೆ ಶೇ. 4 ಸೆಸ್. ಮೂಲ ವಿನಾಯಿತಿ ಮಿತಿಯ ಪ್ರಯೋಜನ ಈ ಆದಾಯಕ್ಕಿಲ್ಲ. 58(4)ನೆಯ ಕಲಂ ಇನ್ನೂ ಕಠಿಣ: ಗೆಲುವಿನ ಎದುರು ಯಾವ ವೆಚ್ಚವನ್ನೂ ಕಳೆಯುವಂತಿಲ್ಲ. ಬೆಳಗಿನ ಐದು ಓಟದಲ್ಲಿ ಸೋತ ಹಣವನ್ನು ಸಂಜೆಯ ಒಂದು ಗೆಲುವಿನಿಂದ ಕಳೆದು ನಿವ್ವಳ ತೋರಿಸಲು ಕಾನೂನು ಒಪ್ಪುವುದಿಲ್ಲ. 2025ರ ಹೊಸ ಆದಾಯ ತೆರಿಗೆ ಕಾಯಿದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದೆ, ತತ್ತ್ವ ಬದಲಾಗಿಲ್ಲ.

ಒಂದು ಕಲ್ಪಿತ ಲೆಕ್ಕವನ್ನು ಹಾಕಿ ನೋಡಬಹುದು. ಒಬ್ಬಾತ ನೂರು ಓಟಗಳಲ್ಲಿ ಪ್ರತಿ ಓಟಕ್ಕೂ ಫೇವರಿಟ್ ಮೇಲೆ 1,000 ರೂಪಾಯಿ ಕಟ್ಟುತ್ತಾನೆ. ಒಟ್ಟು ಒಂದು ಲಕ್ಷ. ಮೂವತ್ತೈದು ಓಟ ಗೆಲ್ಲುತ್ತಾನೆ. ಹತ್ತು ರೂಪಾಯಿಗೆ ಸರಾಸರಿ 25 ರೂಪಾಯಿ ಡಿವಿಡೆಂಡ್ ಬರುತ್ತದೆಂದು ಇಟ್ಟುಕೊಂಡರೆ ಕೈಗೆ ಬಂದದ್ದು 87,500 ರೂಪಾಯಿ. ನಷ್ಟ 12,500. ಇಲ್ಲಿಗೆ ಮುಗಿಯಲಿಲ್ಲ. ಗೆದ್ದ ಮೂವತ್ತೈದು ಓಟಗಳಲ್ಲಿ ಕಟ್ಟಿದ ಹಣ ಕಳೆದು ಬಂದ ಗಳಿಕೆ 52,500 ರೂಪಾಯಿ. ಇಲಾಖೆಯ ದೃಷ್ಟಿಯಲ್ಲಿ ಆದಾಯವೆಂದರೆ ಕನಿಷ್ಠ ಇದು. ಕಾಯಿದೆಯ ಅಕ್ಷರವನ್ನೇ ಹಿಡಿದರೆ ಇನ್ನೂ ಹೆಚ್ಚು. ಅದರ ಮೇಲಿನ ತೆರಿಗೆ 16,380 ರೂಪಾಯಿ. ಸೋತವನೇ ತೆರಿಗೆ ಕಟ್ಟಬೇಕು. ಅದೂ ಸೋತದ್ದಕ್ಕಿಂತ ಹೆಚ್ಚು. ಒಟ್ಟು ಕೈಬಿಟ್ಟದ್ದು 28,880 ರೂಪಾಯಿ.

ಅವನು ಮಹಾ ಕುಶಲಿ ಎಂದೇ ಭಾವಿಸೋಣ. ಅದೇ ಡಿವಿಡೆಂಡಿನಲ್ಲಿ ನೂರಕ್ಕೆ ನಲವತ್ತೈದು ಗೆಲ್ಲುತ್ತಾನೆ. ಇದು ಸಾಮಾನ್ಯ ಸಾಧನೆಯಲ್ಲ. ನಲವತ್ತು ಗೆದ್ದರೆ ತೆರಿಗೆಗೆ ಮುಂಚೆ ಅಸಲು ಸರಿಹೋಗುತ್ತಿತ್ತು. ಈಗ 12,500 ರೂಪಾಯಿ ಲಾಭ. ತೆರಿಗೆ 21,060 ರೂಪಾಯಿ. ಜನಜಂಗುಳಿಯನ್ನು ಸೋಲಿಸಿದ ಈ ಪಂಡಿತನೂ 8,560 ರೂಪಾಯಿ ಕಳೆದುಕೊಂಡು ಮನೆಗೆ ಬರುತ್ತಾನೆ. ಅಸಲನ್ನು ಉಳಿಸಿಕೊಳ್ಳಲು ಅವನು ನೂರಕ್ಕೆ ಐವತ್ತು ಗೆಲ್ಲಬೇಕು.

ಇಷ್ಟರಲ್ಲಿ ಜಿಎಸ್‌ಟಿ ಇನ್ನೂ ಬಂದಿಲ್ಲ. ಕಟ್ಟಿದ ಪೂರ್ತಿ ಹಣದ ಮೇಲೆ ತೆರಿಗೆ ಹಾಕುವ 31ಎ(3) ನಿಯಮವನ್ನು 2021ರ ಜೂನಿನಲ್ಲಿ ಕರ್ನಾಟಕ ಹೈಕೋರ್ಟು ಬೆಂಗಳೂರು ಟರ್ಫ್ ಕ್ಲಬ್ಬಿನ ಪ್ರಕರಣದಲ್ಲಿ ತಳ್ಳಿಹಾಕಿ, ಕ್ಲಬ್ಬಿನ ಕಮಿಷನ್ ಮೇಲೆ ಮಾತ್ರ ತೆರಿಗೆ ಸಲ್ಲುತ್ತದೆಂದು ಹೇಳಿತ್ತು. 2023ರಲ್ಲಿ ಸಂಸತ್ತು ಕಾಯಿದೆಯನ್ನೇ ತಿದ್ದಿತು. ಅಕ್ಟೋಬರ್ 1ರಿಂದ ಪೂರ್ಣ ಮೊತ್ತದ ಮೇಲೆ ಶೇ. 28 ಖಚಿತವಾಯಿತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 40. ಅದನ್ನು ಚೀಟಿಯ ಬೆಲೆಯ ಮೇಲೆ ಸೇರಿಸಿ ವಸೂಲು ಮಾಡಿದರೆ ಮೇಲಿನ ನೂರು ಚೀಟಿಗಳಿಗೆ ತೆರಬೇಕಾದದ್ದು 1,40,000 ರೂಪಾಯಿ. ಆಗ ಅಸಲು ಉಳಿಯಲು ನೂರಕ್ಕೆ ಅರವತ್ತೊಂಬತ್ತು ಫೇವರಿಟ್‌ಗಳು ಗೆಲ್ಲಬೇಕು. ರಾಶಿಯೊಳಗಿಂದಲೇ ಕಳೆದರೆ ಡಿವಿಡೆಂಡ್ ಅಷ್ಟು ಕುಗ್ಗುತ್ತದೆ. ಬಲಗೈಯಿಂದ ಕೊಟ್ಟರೂ ಎಡಗೈಯಿಂದ ಕೊಟ್ಟರೂ ಜೇಬು ಒಂದೇ.

ಇದಕ್ಕೆ ಪಂಟರ ಉತ್ತರ ಸಿದ್ಧವಾಗಿರುತ್ತದೆ, ಆದರೆ ಅದನ್ನು ಗಟ್ಟಿಯಾಗಿ ಹೇಳುವುದಿಲ್ಲ: ಅಷ್ಟೆಲ್ಲ ತೆರಿಗೆ ಕಟ್ಟುವವರು ಯಾರು? ಹತ್ತು ಸಾವಿರ ರೂಪಾಯಿಯವರೆಗಿನ ಗೆಲುವಿಗೆ ಟಿಡಿಎಸ್ ಇಲ್ಲ, ಬುಕ್ಕಿಯ ನಗದಿಗೆ ರಸೀದಿಯೂ ಇಲ್ಲ. ಟಿಡಿಎಸ್ ಕಡಿತವಾಗದಿದ್ದರೆ ತೆರಿಗೆಯೇ ಇಲ್ಲವೆಂದು ತಿಳಿಯುವುದು ಮೊದಲ ತಪ್ಪು. ಅದಕ್ಕಿಂತ ದೊಡ್ಡದು ಎರಡನೆಯದು: ತೆರಿಗೆ ತಪ್ಪಿಸಿದರೆ ಮಾತ್ರ ಲೆಕ್ಕ ಕೂಡುವ ವ್ಯವಹಾರವನ್ನು ‘ಹೂಡಿಕೆ’ ಎಂದು ಕರೆಯುವುದು. ಅಚೌರ್ಯವನ್ನು ಅಣುವ್ರತವಾಗಿ ಸ್ವೀಕರಿಸಿದವನ ಬಾಯಲ್ಲಿ ಈ ಉತ್ತರ ಹೇಗೆ ಕೇಳಿಸುತ್ತದೆಂಬುದನ್ನು ಅವನೇ ಯೋಚಿಸಲಿ.

ಸೋತಾಗಲೆಲ್ಲ ಮುಂದಿನ ಓಟದ ಫೇವರಿಟ್ ಮೇಲೆ ಇಮ್ಮಡಿ ಕಟ್ಟುವ ಉಪಾಯವೂ ಪ್ರಚಾರದಲ್ಲಿದೆ. ಫೇವರಿಟ್ ನೂರಕ್ಕೆ ಮೂವತ್ತೈದು ಸಲ ಗೆಲ್ಲುವುದಾದರೆ ಎಂಟು ಓಟಗಳ ದಿನವೊಂದರಲ್ಲಿ ಒಂದೂ ಫೇವರಿಟ್ ಗೆಲ್ಲದಿರುವ ಸಂಭವ ನೂರಕ್ಕೆ ಮೂರು. 500 ರೂಪಾಯಿಯಿಂದ ತೊಡಗಿದವನು ಅಂಥ ಒಂದು ಸಂಜೆಗೆ 1,27,500 ರೂಪಾಯಿ ಕಳೆದುಕೊಂಡಿರುತ್ತಾನೆ. ಗೆದ್ದರೂ ಪಾರಾಗುವನೆಂಬ ಭರವಸೆಯಿಲ್ಲ: 500, 1,000, 2,000 ಸೋತು ನಾಲ್ಕನೆಯದರಲ್ಲಿ 4,000 ಕಟ್ಟಿ ಗೆದ್ದು, ಡಿವಿಡೆಂಡ್ ಹತ್ತಕ್ಕೆ ಹದಿನಾಲ್ಕು ಬಂದರೆ ಸಿಗುವ ಗಳಿಕೆ 1,600. ಹಳೆಯ ನಷ್ಟದಲ್ಲಿ 1,900 ಹಾಗೆಯೇ ಉಳಿಯುತ್ತದೆ.

1996ರ ತೀರ್ಪನ್ನು ಉದ್ಧರಿಸುವವರು ಅದಕ್ಕೆ ಒಂದು ವರ್ಷ ಮುಂಚಿನ, ಅದೇ ಸುಪ್ರೀಂ ಕೋರ್ಟಿನ ಮತ್ತೊಂದು ತೀರ್ಪನ್ನು ಎತ್ತುವುದೇ ಇಲ್ಲ. ತೆರಿಗೆ ವಕೀಲರಿಗೆಲ್ಲ ಅದು ಕಂಠಪಾಠ. ಬೆಂಗಳೂರಿನಲ್ಲಿ ಪುರಾತನ ಕಲಾವಸ್ತುಗಳ ವ್ಯಾಪಾರ ಮಾಡುತ್ತಿದ್ದ ಮಹಿಳೆಯೊಬ್ಬರು 1971-72ರ ತೆರಿಗೆ ವರ್ಷದಲ್ಲಿ ಮೂರು ಲಕ್ಷಕ್ಕೂ ಮಿಕ್ಕ ಹಣವನ್ನು ರೇಸಿನ ಗೆಲುವೆಂದು ತೋರಿಸಿದ್ದರು; ಬೆಂಗಳೂರು, ಮದ್ರಾಸು, ಹೈದರಾಬಾದುಗಳಲ್ಲಿ ಒಟ್ಟು ಹದಿಮೂರು ಗೆಲುವು, ಅದರಲ್ಲಿ ಹತ್ತು ಜಾಕ್‌ಪಾಟು. ರೇಸಿನ ಗೆಲುವಿಗೆ ಆಗ ತೆರಿಗೆ ಇರಲಿಲ್ಲ. 1972ರಲ್ಲಿ ಅದು ಬಂತು. ಅನುಭವಿ ಪಂಟರೊಬ್ಬರು ಅಪರೂಪಕ್ಕೊಮ್ಮೆ ಜಾಕ್‌ಪಾಟ್ ಹೊಡೆಯುವುದನ್ನು ನಂಬಬಹುದು, ಹೀಗೆ ಸಾಲಾಗಿ ಗೆಲ್ಲುವುದು ಸಂಭವನೀಯತೆಗೆ ವಿರುದ್ಧವೆಂದು ಇತ್ಯರ್ಥ ಆಯೋಗ ಹೇಳಿತು. ಗೆದ್ದ ಚೀಟಿಗಳನ್ನು ಆಮೇಲೆ ಕೊಂಡದ್ದೆಂಬ ಅದರ ತೀರ್ಮಾನವನ್ನು 1995ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಪ್ರಶ್ನೆಗಳು ಬೇರೆಯಾದುದರಿಂದ ಎರಡು ತೀರ್ಪುಗಳಿಗೂ ಕಾನೂನಿನಲ್ಲಿ ವಿರೋಧವಿಲ್ಲ. ಆದರೆ ‘ಕೋರ್ಟೇ ಹೇಳಿದೆ’ ಎನ್ನುವವರು ಎರಡನ್ನೂ ಒಟ್ಟಿಗೆ ಹಿಡಿದು ಓದಬೇಕು: ಆಟ ಕೌಶಲದ್ದು, ಆದರೆ ಅದರಲ್ಲಿ ಮತ್ತೆ ಮತ್ತೆ ಗೆದ್ದೆನೆಂದು ಹೇಳುವವನ ಮಾತು ನಂಬಲರ್ಹವಲ್ಲ!

ಸರ್ಕಾರದ ನಡತೆಯೂ ನಗೆ ತರಿಸುವಂಥದು. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯಿದೆ ಹಣದ ಆಟಗಳನ್ನು ನಿಷೇಧಿಸುವಾಗ ಕೌಶಲ, ಅದೃಷ್ಟ ಎಂಬ ಭೇದವನ್ನೇ ಒರೆಸಿಹಾಕಿತು. ಕೌಶಲದ ಆಟವಾದರೂ ಹಣ ಕಟ್ಟಿ ಆಡಿದರೆ ನಿಷಿದ್ಧ. ಮನೆಯ ಮಕ್ಕಳು ಮೊಬೈಲಿನಲ್ಲಿ ಕ್ರಿಕೆಟ್ ತಂಡ ಕಟ್ಟಿ ಹಣ ಕಳೆಯುವುದು ಸಾಮಾಜಿಕ ಪಿಡುಗು. ಮನೆಯ ಯಜಮಾನ ಭಾನುವಾರ ಇಸ್ತ್ರಿಯ ಅಂಗಿ ತೊಟ್ಟು ರೇಸ್‌ಕೋರ್ಸಿನ ಸ್ಟ್ಯಾಂಡಿನಲ್ಲಿ ಹಣ ಕಳೆಯುವುದು ಕೌಶಲ. ಅದೇ ಸರ್ಕಾರ ಆ ಕೌಶಲದ ಮೇಲೆ ಕ್ಯಾಸಿನೋ, ಲಾಟರಿಗಳಿಗೆ ಹಾಕುವ ಶೇ. 40ರ ದರವನ್ನೇ ಹಾಕುತ್ತದೆ. ನಿಷೇಧಿಸಲು ಧೈರ್ಯವಿಲ್ಲ, ಗೌರವಿಸಲು ಮನಸ್ಸಿಲ್ಲ, ಬಿಟ್ಟುಕೊಡಲು ಆದಾಯ ಬಿಡುವುದಿಲ್ಲ. ಇನ್ನೊಂದು ಸ್ವಾರಸ್ಯ: ರೇಸ್ ಕುದುರೆ ಸಾಕುವ ಧನಿಕ ಅದರ ಪಾಲನೆಯ ನಷ್ಟವನ್ನು ಅದೇ ಬಾಬಿನ ಮುಂದಿನ ಆದಾಯದಿಂದ ಕಳೆದುಕೊಳ್ಳಲು ನಾಲ್ಕು ವರ್ಷ ಮುಂದಕ್ಕೆ ಒಯ್ಯಬಹುದು. ಕುದುರೆಯ ಮೇಲೆ ಹಣ ಕಟ್ಟುವ ಸಣ್ಣ ವ್ಯಾಪಾರಿಗೆ ಅದೇ ಸಂಜೆಯ ನಷ್ಟವನ್ನೂ ಕಳೆಯುವ ಹಕ್ಕಿಲ್ಲ.

‘ಹಾಗಾದರೆ ಷೇರುಪೇಟೆ ಜೂಜಲ್ಲವೇ?’ ಎಂಬ ಪ್ರಶ್ನೆ ಇಂಥ ಚರ್ಚೆಯಲ್ಲಿ ತಪ್ಪದೆ ಬರುತ್ತದೆ. ಷೇರು ಕೊಂಡವನು ಒಂದು ಉದ್ದಿಮೆಯ ಗಳಿಕೆಯಲ್ಲಿ ಪಾಲುದಾರ. ಕಂಪನಿ ಬೆಳೆದರೆ ಒಬ್ಬರಿಗೂ ನಷ್ಟವಾಗದೆ ಎಲ್ಲರ ಪಾಲೂ ಬೆಳೆಯಬಲ್ಲದು. ಟೋಟಿನ ರಾಶಿಯಾದರೋ ಓಟ ಮುಗಿಯುವ ಮೊದಲೇ ಕಡಮೆಯಾಗಿರುತ್ತದೆ. ಆದರೆ ಪ್ರಶ್ನೆ ಕೇಳಿದವರ ಮನಸ್ಸಿನಲ್ಲಿರುವುದು ಫ್ಯೂಚರ್ಸ್ ಮತ್ತು ಆಪ್ಷನ್ಸ್ ಆಗಿದ್ದರೆ ಅವರ ಅನುಮಾನ ಸರಿಯಾಗಿಯೇ ಇದೆ. 2021-22ರಿಂದ ಮೂರು ವರ್ಷಗಳಲ್ಲಿ ಅಲ್ಲಿ ವ್ಯವಹರಿಸಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳ ಪೈಕಿ ಶೇ. 93ರಷ್ಟು ಮಂದಿ ನಷ್ಟ ಅನುಭವಿಸಿದ್ದಾರೆಂದು ಸೆಬಿಯೇ 2024ರಲ್ಲಿ ಪ್ರಕಟಿಸಿದೆ. ಒಂದು ಕೆಸರನ್ನು ತೋರಿಸಿದರೆ ಇನ್ನೊಂದು ಕೆಸರು ತಿಳಿನೀರಾಗುವುದಿಲ್ಲ.

ಸಪ್ತವ್ಯಸನಗಳ ಪಟ್ಟಿಯಲ್ಲಿ ದ್ಯೂತಕ್ಕೆ ಮೊದಲ ಸ್ಥಾನ. ಶ್ರಾವಕಾಚಾರದ ಪರಂಪರೆಯಲ್ಲಿ ಅದಕ್ಕೆ ಕೊಡುವ ನಿದರ್ಶನ ಯುಧಿಷ್ಠಿರನದು. ಆ ಸಭೆಯಲ್ಲಿ ಕೌಶಲಕ್ಕೆ ಕೊರತೆಯಿರಲಿಲ್ಲ. ಶಕುನಿಗಿಂತ ಕುಶಲಿ ಯಾರಿದ್ದರು? ಹಾಗಿದ್ದೂ ಅದನ್ನು ಯಾರೂ ಕೌಶಲದ ಆಟವೆಂದು ಬಿಟ್ಟುಕೊಡಲಿಲ್ಲ. ಇತರರ ನಷ್ಟದಿಂದ ಮಾತ್ರ ತನಗೆ ಲಾಭ ಬರುವಂಥ ವ್ಯವಹಾರ ಎಂಬುದೇ ಅಲ್ಲಿನ ಆಕ್ಷೇಪ. ದಾಳ ಹೇಗೆ ಉರುಳಿತೆಂಬುದು ಗೌಣ. ಚಾಟಿಯೇಟು ತಿಂದು ಓಡುವ, ಕಾಲು ಮುರಿದರೆ ಬದುಕನ್ನೇ ಕಳೆದುಕೊಳ್ಳುವ ಪ್ರಾಣಿಯ ವಿಷಯವನ್ನು ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವರಿಗೆ ವಿವರಿಸಿ ಹೇಳಬೇಕಾಗಿ ಬಂದಿರುವುದೇ ದುಃಖದ ಸಂಗತಿ.

ಒಬ್ಬೊಬ್ಬರ ಜೇಬಿನ ಮಾತಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಮುಂಬೈ, ಪುಣೆ, ಸಾಂಗಲಿ, ಕೊಲ್ಲಾಪುರಗಳ ಪತಸಂಸ್ಥೆಗಳಲ್ಲಿ ವಿಧವೆಯರ, ನಿವೃತ್ತರ, ಮದುವೆಗೆ ಹಣ ಕೂಡಿಡುವ ತಂದೆತಾಯಿಯರ ಠೇವಣಿಗಳಿವೆ. ಆ ಠೇವಣಿಗೆ ಯಾರ ಸಾಲಕ್ಕೆ ಹೋಗಬೇಕೆಂದು ನಿರ್ಧರಿಸುವವರು ಸಮಾಜದ ಗಣ್ಯರೇ. ಅಂಗಡಿಯ ದುಡಿಯುವ ಬಂಡವಾಳಕ್ಕೆಂದು ಪಡೆದ ಸಾಲ ಟೋಟಿನ ಕಿಟಕಿಗೆ ಹೋದರೆ ಲೆಕ್ಕಪುಸ್ತಕದಲ್ಲಿ ಅದು ‘ಸರಕು ಖರೀದಿ’ ಎಂದೋ ‘ಕೈಸಾಲ’ ಎಂದೋ ಕಾಣಿಸಿಕೊಳ್ಳುತ್ತದೆ. ನಿರ್ದೇಶಕರೂ ದೊಡ್ಡ ಸಾಲಗಾರರೂ ತಮ್ಮ ಆದಾಯ ತೆರಿಗೆ ವಿವರಣೆಯಲ್ಲಿ 115ಬಿಬಿ ಅಡಿಯ ಆದಾಯ ಇದೆಯೋ ಇಲ್ಲವೋ ಎಂಬ ಒಂದು ಸಾಲಿನ ಘೋಷಣೆಯನ್ನು ಪ್ರತಿವರ್ಷ ಕೊಡುವಂತೆ ಉಪವಿಧಿಯನ್ನು ತಿದ್ದುವುದು ಕಷ್ಟವೇನಲ್ಲ. ಬುಕ್ಕಿಯ ನಗದು ಅದರಲ್ಲಿ ಸಿಕ್ಕದು. ಆದರೆ ಸುಳ್ಳು ಘೋಷಣೆಗೆ ರುಜು ಹಾಕಬೇಕಾದವನು ಎರಡು ಸಲ ಯೋಚಿಸುತ್ತಾನೆ. ಮಹಾರಾಷ್ಟ್ರದ ಸಹಕಾರ ಕಾಯಿದೆಯಂತೆ ಈ ಸಂಸ್ಥೆಗಳ ವಾರ್ಷಿಕ ಸಾಮಾನ್ಯ ಸಭೆ ಸೆಪ್ಟೆಂಬರ್ 30ರೊಳಗೆ ನಡೆಯಬೇಕು. ಪುಣೆಯಲ್ಲಿ ಆಗ ರೇಸಿನ ಋತುವೂ ನಡೆಯುತ್ತಿರುತ್ತದೆ. ತಿದ್ದುಪಡಿಯ ಸೂಚನೆಯನ್ನು ಲಿಖಿತವಾಗಿ ಕೊಡುವ ಹಕ್ಕು ಪ್ರತಿಯೊಬ್ಬ ಸದಸ್ಯನಿಗೂ ಇದೆ. ಸಭೆಯ ನೋಟೀಸು ಹೊರಡುವ ಮುನ್ನವೇ ಅದು ಕಾರ್ಯದರ್ಶಿಯ ಕೈ ಸೇರಬೇಕು.